ನಾನೇ ಮುಚ್ಚಿದ ಎಂಟು ತೂತು

ಕಾರಿನ ಕೆಳಗೆ ಮೊದಲ ಸಲ ಅಂಗಾತ ಮಲಗಿದಾಗ ನನ್ನ ಮುಖಕ್ಕೆ ಬಿದ್ದದ್ದು ತುಕ್ಕಲ್ಲ, ಮರಳು. ಸುತ್ತಿಗೆಯ ಹಿಂಬದಿಯಿಂದ ರನ್ನಿಂಗ್ ಬೋರ್ಡಿಗೆ ಒಮ್ಮೆ ತಟ್ಟಿದ್ದೆ, ಅಷ್ಟೆ. ಬಾಗಿಲುಗಳ ಅಡಿಯಲ್ಲಿ ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಓಡುವ ಪೊಳ್ಳು ತಗಡಿನ ಪೆಟ್ಟಿಗೆಗೆ ಮಂಗಳೂರಿನ ಗ್ಯಾರೇಜುಗಳಲ್ಲಿ ನಾವು ಹೇಳುತ್ತಿದ್ದ ಹೆಸರು ಅದು. ಅದರ ಬಿರುಕಿನಿಂದ ಮರಳು ಸುರಿಯಿತು, ಸುರಿಯುತ್ತಲೇ ಇತ್ತು. ಕೊನೆಗೆ ಹಪ್ಪಳ ಮುರಿದ ಹಾಗೆ ಕಂದು ಚಕ್ಕೆಗಳು ಬಂದವು. ಎದ್ದು ಕೂತು ಬಾಯಿಯೊಳಗಿನ ಮರಳು ಉಗಿದೆ. ಉಪ್ಪುಪ್ಪಾಗಿತ್ತು.

ಅದು ನಮ್ಮ ಕಫೀಲರ, ಎಂದರೆ ನಮಗೆ ವೀಸಾ ಕೊಟ್ಟು ಕೆಲಸಕ್ಕಿಟ್ಟುಕೊಂಡ ಅರಬರ, ತಂದೆಯ ಕಾರು. ಐವತ್ತರ ದಶಕದ ಅಮೆರಿಕನ್ ಕಾರು, ಹಸಿರು ಮೈ, ಬಿಳಿ ಮಾಡು. ಮುದುಕರು ತೀರಿಕೊಂಡ ಮೇಲೆ ಹತ್ತು ವರ್ಷ ಸೌದಿಯ ಯಾನ್ಬುವಿನ ಅವರ ಮನೆಯಂಗಳದಲ್ಲಿ ಸಮುದ್ರದ ಗಾಳಿಗೆ ಮೈಯೊಡ್ಡಿ ನಿಂತಿತ್ತು. ಬೀಸಿ ಬಂದ ಮರಳು ಬಾಗಿಲ ಬುಡದವರೆಗೆ ಏರಿತ್ತು. ಮೇಲಿನಿಂದ ನೋಡಿದರೆ ಮದುಮಗ, ಬಗ್ಗಿ ನೋಡಿದರೆ ಹೆಣ. ಕಫೀಲರ ತಾಯಿ ಇನ್ನೂ ಬದುಕಿದ್ದರು. ಗಂಡನ ಕಾರಿನಲ್ಲೇ ಕೂತು ಇನ್ನೊಂದು ಸಲ ಮದೀನಾಕ್ಕೆ ಹೋಗಬೇಕು, ಅದೂ ರಂಜಾನಿಗೆ ಮೊದಲು ಎಂದು ಹಟ ಹಿಡಿದಿದ್ದರಂತೆ.

ಕಫೀಲರನ್ನು ನಾವೆಲ್ಲ ಮುದೀರ್ ಎಂದು ಕರೆಯುತ್ತಿದ್ದೆವು, ಎಂದರೆ ಯಜಮಾನರು. ಗಲ್ಫಿನ ಕಥೆ ಎಂದರೆ ಕಫೀಲ ರಾಕ್ಷಸನೇ ಆಗಿರಬೇಕೆಂದು ಕೇಳುವವರು ಕಾಯುತ್ತಾರೆ. ಇವರು ಹಾಗಿರಲಿಲ್ಲ. ಐವತ್ತರ ಆಚೀಚೆ, ಮೆಲುದನಿ, ನಮ್ಮ ಮೇಲೆ ಕೂಗಾಡಿದ್ದು ನಾನು ಕಂಡಿಲ್ಲ. ಆದರೆ ನಮ್ಮ ಪಾಸ್‌ಪೋರ್ಟುಗಳು ಅವರ ಆಫೀಸಿನ ಕಬ್ಬಿಣದ ಪೆಟ್ಟಿಗೆಯಲ್ಲಿದ್ದವು. ಅವರ ಕಾಗದವಿಲ್ಲದೆ ಯಾನ್ಬುವಿನಿಂದ ಜಿದ್ದಾಕ್ಕೂ ಹೋಗುವ ಹಾಗಿರಲಿಲ್ಲ. ಒಳ್ಳೆಯವರ ಪೆಟ್ಟಿಗೆಯೂ ಪೆಟ್ಟಿಗೆಯೇ.

"ಮೇಲೆಲ್ಲ ಚೆನ್ನಾಗಿದೆ. ಕೆಳಮೈ ಮಾತ್ರ ನೋಡು," ಎಂದರು ಮುದೀರ್. "ತುಕ್ಕು ಇನ್ನು ಬರಬಾರದು, ಕಲ್ಲು ಸಿಡಿದರೆ ಪೇಂಟ್ ಏಳಬಾರದು. ಇದನ್ನು ಮುಗಿಸು, ನಿನ್ನ ಇಜಾಝಾ ಕೊಡುತ್ತೇನೆ."

ಇಜಾಝಾ ಎಂದರೆ ರಜೆ. ಅದು ನನಗೆ ಬೇಕಾಗಿತ್ತು, ಬೇಕೇಬೇಕಾಗಿತ್ತು. ಊರಲ್ಲಿ ನನ್ನ ನಿಕಾಹ್ ನಿಶ್ಚಯವಾಗಿ ಒಂದೂವರೆ ವರ್ಷವಾಗಿತ್ತು. ಎರಡು ಸಲ ದಿನ ಇಟ್ಟು ಎರಡು ಸಲವೂ ನನ್ನಿಂದ ತಪ್ಪಿಹೋಗಿತ್ತು. ಒಮ್ಮೆ ಗ್ಯಾರೇಜಿನಲ್ಲಿ ಬೇರೆ ಡೆಂಟರ್ ಇರಲಿಲ್ಲ, ಇನ್ನೊಮ್ಮೆ ಇಕಾಮಾದ, ಎಂದರೆ ವಾಸದ ಪರವಾನಗಿಯ, ನವೀಕರಣಕ್ಕೆ ಹೋದ ಪಾಸ್‌ಪೋರ್ಟ್ ಸಮಯಕ್ಕೆ ವಾಪಸು ಬರಲಿಲ್ಲ. ಹುಡುಗಿಯ ತಂದೆ ನಮ್ಮಣ್ಣನಿಗೆ ಖಡಾಖಡಿ ಹೇಳಿದ್ದರು: ಮೂರನೇ ಸಲ ಇಟ್ಟ ದಿನವೂ ತಪ್ಪಿದರೆ ಸಂಬಂಧ ಅಲ್ಲಿಗೆ ಮುಗಿಯಿತು. ಹುಡುಗಿಯನ್ನು ನಾನು ಒಂದೇ ಸಲ, ಅದೂ ಅರ್ಧ ನಿಮಿಷ ನೋಡಿದ್ದೆ. ಆ ಅರ್ಧ ನಿಮಿಷವನ್ನು ಒಂದೂವರೆ ವರ್ಷ ತಿಂದು ಬದುಕಿದ್ದೆ ಎಂದರೆ ಸುಳ್ಳಲ್ಲ.

ಇದನ್ನು ಮುದೀರರಿಗೆ ಹೇಳಿದ್ದೆನೇ ಎಂದರೆ, ಇಲ್ಲ. ನನ್ನ ಮನೆಯಲ್ಲಿ ಗಂಡು ತನ್ನ ಮದುವೆಯ ಸುದ್ದಿಯನ್ನು ತನ್ನ ಬಾಯಿಂದ ಹಿರಿಯರ ಮುಂದೆ ಎತ್ತುವುದಿಲ್ಲ. ಅಪ್ಪ ಹೇಳಬೇಕು, ಅಣ್ಣ ಹೇಳಬೇಕು, ಯಾರೂ ಇಲ್ಲದಿದ್ದರೆ ಪಕ್ಕದ ಮನೆಯವರಾದರೂ ಹೇಳಬೇಕು. ತಾನೇ ಹೇಳಿಕೊಂಡರೆ ನಾಚಿಕೆ ಬಿಟ್ಟವನು ಎನ್ನುತ್ತಾರೆ. ಹಾಗಾಗಿ ನಾನು ನೆಲ ನೋಡಿಕೊಂಡು, "ಮನೆಯಲ್ಲಿ ಸ್ವಲ್ಪ ಕೆಲಸ ಇದೆ ಮುದೀರ್," ಎಂದಷ್ಟೇ ಹೇಳಿದ್ದೆ. ಅವರಿಗೆ ಸ್ವಲ್ಪ ಕೆಲಸ ಎಂದರೆ ಸ್ವಲ್ಪ ಕೆಲಸವೇ.

ಕೆಲಸ ಶುರು ಮಾಡಿದೆ. ಚಕ್ರ ತೆಗೆದು ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿದೆ. ಹಳೆಯ ಟಾರು ಒಣಗಿ ಕಲ್ಲಾಗಿತ್ತು. ಬ್ಲೋ ಲ್ಯಾಂಪಿನಿಂದ ಮೆತ್ತಗೆ ಮಾಡಿ ಉಳಿಯಿಂದ ಕೆರೆದು ತೆಗೆಯುವುದಕ್ಕೇ ಐದು ದಿನ ಹಿಡಿಯಿತು. ಆಮೇಲೆ ತಂತಿ ಬ್ರಷ್. ಬಳಿಕ ಒಂದೊಂದು ಅಂಗುಲವನ್ನೂ ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಕಿವಿಗೊಟ್ಟು ಕೇಳಿದೆ. ಗಟ್ಟಿ ತಗಡು ಟಣ್ ಎನ್ನುತ್ತದೆ, ಸತ್ತ ತಗಡು ಒದ್ದೆ ರಟ್ಟಿನ ಹಾಗೆ ಡಬ್ ಎನ್ನುತ್ತದೆ. ಸತ್ತದ್ದರ ಸುತ್ತ ಸೀಮೆಸುಣ್ಣದಿಂದ ಗೆರೆ ಎಳೆದೆ. ಮುಂದಿನ ಎರಡು ಮಡ್‌ಗಾರ್ಡುಗಳ ಬಾಲ, ನಾಲ್ಕೂ ಬಾಗಿಲುಗಳ ಕೆಳಗಿನ ಮೂರು ಬೆರಳು, ಎರಡೂ ರನ್ನಿಂಗ್ ಬೋರ್ಡುಗಳ ಮುಕ್ಕಾಲು ಪಾಲು ಗೆರೆಯೊಳಗೆ ಬಿದ್ದವು.

ಗೆರೆಯೊಳಗಿನದ್ದನ್ನೆಲ್ಲ ಕತ್ತರಿಸಿ ತೆಗೆದು, ಹೊಸ ತಗಡನ್ನು ಮರದ ದಿಮ್ಮಿಯ ಮೇಲೆ ಬಡಿದು ಅದೇ ಬಾಗಿಗೆ ತಂದೆ. ಗ್ಯಾಸ್ ವೆಲ್ಡಿಂಗಿನ ಬಿಸಿಗೆ ತಗಡು ಸುಕ್ಕಾಗಬಾರದೆಂದು ಸುತ್ತ ಒದ್ದೆ ಬಟ್ಟೆ ಇಟ್ಟು, ಒಂದು ಕಡೆ ಎರಡು ಚುಕ್ಕೆ, ಇನ್ನೊಂದು ಕಡೆ ಎರಡು ಚುಕ್ಕೆ ಹಾಕುತ್ತಾ ಕೂಡಿಸಿದೆ. ಕೀಲುಗಳನ್ನು ಉಜ್ಜಿ, ಆಸಿಡ್ಡಿನಿಂದ ತೊಳೆದು, ನೀರು ಹಾಕಿ, ರೆಡ್ ಆಕ್ಸೈಡ್ ಪ್ರೈಮರ್ ಹೊಡೆದೆ. ಅದರ ಮೇಲೆ ಕಲ್ಲಿನ ಏಟು ತಡೆಯುವ ರಬ್ಬರ್ ಕೋಟಿಂಗ್. ದಪ್ಪ ಮೂತಿಯ ಗನ್ನಿನಿಂದ ಹೊಡೆದರೆ ಅದು ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ ಬಿಟ್ಟುಕೊಂಡು ಕೂರುತ್ತದೆ. ಕೊನೆಗೆ ಬಣ್ಣ. ಬಣ್ಣ ಹೊಡೆಯುತ್ತಿದ್ದವನು ಪೇಶಾವರ ಕಡೆಯ ಪಠಾಣ, ನನ್ನ ರೂಮಿನವನೇ. ಯಾನ್ಬುವಿನ ಗಾಳಿಯಲ್ಲಿ ಪಸೆ ಎಷ್ಟೆಂದರೆ ಹೊತ್ತು ತಪ್ಪಿ ಹೊಡೆದ ಬಣ್ಣ ಬೂದಿ ಬಳಿದ ಹಾಗೆ ಬೆಳ್ಳಗಾಗುತ್ತಿತ್ತು. ಬೆಳಿಗ್ಗೆ ಹತ್ತಕ್ಕೆ ಮೊದಲು ಹೊಡೆದು ಮುಗಿಸಬೇಕು.

ಮುಗಿದ ದಿನ ಪಠಾಣ ಒಂದು ಹಿಡಿ ಜಲ್ಲಿ ಎತ್ತಿಕೊಂಡು ಹತ್ತು ಹೆಜ್ಜೆ ದೂರ ನಿಂತು ಬಾಗಿಲಿನ ಬುಡಕ್ಕೆ ಬೀಸಿ ಎಸೆದ. ಜಲ್ಲಿ ಪುಟಿದು ಬಿತ್ತು, ಒಂದು ಗೀರೂ ಬೀಳಲಿಲ್ಲ.

"ಲೋ ಭಾಯಿ, ಇದರ ಮೇಲೆ ಗುಂಡು ಹೊಡೆದರೂ ಏನೂ ಆಗುವುದಿಲ್ಲ," ಎಂದು ನಕ್ಕ.

ಬಣ್ಣ ಮುಗಿದ ಹನ್ನೆರಡನೇ ದಿನ ಬೆಳಿಗ್ಗೆ ಬಲಗಡೆಯ ಮಡ್‌ಗಾರ್ಡಿನ ಬಾಲದಲ್ಲಿ ಹೆಸರುಕಾಳಿನ ಗಾತ್ರದ ಮೂರು ಗುಳ್ಳೆಗಳು ಎದ್ದಿದ್ದವು. ಉಗುರಿನಿಂದ ಒತ್ತಿದೆ. ಒಡೆದು ಒಳಗಿನಿಂದ ಹಳದಿ ನೀರು ಬಂತು. ಗುಂಡಿಗೆ ಹೆದರದ್ದು ಗುಳ್ಳೆಗೆ ಸೋತಿತ್ತು.

ಕಾರಣ ಹುಡುಕಲು ಎರಡು ದಿನ ತಲೆ ಕೆಡಿಸಿಕೊಂಡೆ. ಆಸಿಡ್ ತೊಳೆಯಲು ನಾನು ಬಳಸಿದ್ದು ಗ್ಯಾರೇಜಿನ ನಲ್ಲಿ ನೀರು. ಅದು ಬಾವಿಯದು, ಬಾಯಿಗಿಟ್ಟರೆ ಸವಳು. ಕುಡಿಯುವ ಸಿಹಿನೀರು ಬೇರೆ ಟ್ಯಾಂಕರಿನಲ್ಲಿ ಬರುತ್ತಿತ್ತು. ಉಪ್ಪನ್ನು ತೊಳೆಯುತ್ತೇನೆಂದು ಉಪ್ಪನ್ನೇ ಬಳಿದಿದ್ದೆ! ಸಾಲದ್ದಕ್ಕೆ ಬರಿ ತಗಡಿನ ಮೇಲೆ ನನ್ನ ಬೆವರು. ಆ ಸೆಕೆಯಲ್ಲಿ ಗಲ್ಲದಿಂದ ತೊಟ್ಟಿಕ್ಕಿದ್ದು ಎಲ್ಲೆಲ್ಲಿ ಬಿದ್ದಿತ್ತೋ ಅಲ್ಲೆಲ್ಲ ಗುಳ್ಳೆ. ಕೋಟಿಂಗ್ ಒಳ್ಳೆಯದೇ ಆಗಿತ್ತು. ಹೊರಗಿನದ್ದನ್ನು ಒಳಗೆ ಬಿಡದ ಹಾಗೆ, ಒಳಗೆ ಸಿಕ್ಕಿಬಿದ್ದದ್ದನ್ನು ಹೊರಗೂ ಬಿಡುತ್ತಿರಲಿಲ್ಲ.

ಎಲ್ಲವನ್ನೂ ಕೆರೆದು ತೆಗೆದೆ. ಈ ಸಲ ಹಣೆಗೆ ಬಟ್ಟೆ ಕಟ್ಟಿ, ಕೈಗೆ ಗ್ಲೌಸ್ ಹಾಕಿ, ಸಿಹಿನೀರಿನಲ್ಲೇ ತೊಳೆದೆ. ಗಾಳಿ ಹೊಡೆದು ಒಣಗಿಸಿ, ಬಲ್ಬು ಹಿಡಿದು ತಗಡು ಬೆಚ್ಚಗಾದ ಮೇಲೆಯೇ ಪ್ರೈಮರ್. ಇನ್ನೂ ಮೂರು ವಾರ ಹೋಯಿತು. ಈ ಸಲ ಯಾರೂ ಬೆರಳು ತೋರಿಸಬಾರದು ಎಂಬ ಛಲದಲ್ಲಿ ಇನ್ನೊಂದು ಕೆಲಸ ಮಾಡಿದೆ. ರನ್ನಿಂಗ್ ಬೋರ್ಡುಗಳ ತಳದಲ್ಲಿ ಒಂದೊಂದು ಬದಿಗೆ ನಾಲ್ಕರಂತೆ ಎಂಟು ತೂತುಗಳಿದ್ದವು, ಬೆರಳ ತುದಿಯಷ್ಟು ದೊಡ್ಡವು. ಕಂಪೆನಿಯವರೇ ಕೊರೆದದ್ದು. ಎಂಟಕ್ಕೂ ರಬ್ಬರಿನ ಬಿರಡೆ ಒತ್ತಿ, ಮೇಲೆ ಎರಡು ಸಲ ಕೋಟಿಂಗ್ ಹೊಡೆದೆ. ತೂತು ಇತ್ತೆಂದೇ ಗೊತ್ತಾಗದ ಹಾಗೆ ನುಣ್ಣಗಾಯಿತು.

ಅದು ನನ್ನ ಊರಿನ ಬುದ್ಧಿ. ನಾನು ಕೆಲಸ ಕಲಿತದ್ದು ಮಂಗಳೂರಿನಲ್ಲಿ, ಬಸ್ಸುಗಳ ಬಾಡಿ ಕಟ್ಟುವಲ್ಲಿ. ಅಲ್ಲಿ ಶತ್ರು ಬರುವುದು ಕೆಳಗಿನಿಂದ. ಮಳೆಗಾಲದಲ್ಲಿ ಚಕ್ರ ಎರಚುವ ಕೆಂಪು ಕೆಸರು ಸಿಕ್ಕಿದ ತೂತಿನಲ್ಲೆಲ್ಲ ನುಗ್ಗಿ ಕೂತು ತಗಡನ್ನು ತಿನ್ನುತ್ತದೆ. ಜೂನಿಗೆ ಮೊದಲು ಬಸ್ಸಿನ ಅಡಿಯ ತೂತು ಹುಡುಕಿ ಹುಡುಕಿ ಮುಚ್ಚುವುದು ನಾನು ಕಲಿತ ಮೊದಲ ಪಾಠ. ಇಲ್ಲಿ ಕೆಸರಿಲ್ಲ, ಮರಳುಂಟಲ್ಲ ಎಂದುಕೊಂಡೆ. ಕಂಪೆನಿಯವರು ಆ ತೂತು ಯಾಕೆ ಇಟ್ಟಿರಬಹುದು ಎಂದು ಯೋಚಿಸಲೇ ಇಲ್ಲ. ಮುಚ್ಚಿದ ಮೇಲೆ ಹೆಮ್ಮೆಯಿಂದ ಕೈ ಸವರಿ ನೋಡಿದ್ದು ಮಾತ್ರ ಚೆನ್ನಾಗಿ ನೆನಪಿದೆ.

ಕಾರು ಮುದೀರರ ಮನೆಗೆ ಹೋಯಿತು. ನನ್ನ ಪಾಸ್‌ಪೋರ್ಟು, ದೇಶ ಬಿಟ್ಟು ಹೋಗಿ ಬರಲು ಬೇಕಾದ ಎಕ್ಸಿಟ್ ರೀ-ಎಂಟ್ರಿ ಮೊಹರಿಗಾಗಿ ಸರಕಾರಿ ಕಚೇರಿಗೆ ಹೋಯಿತು. ಮೂರು ವಾರ ನಾನು ಬೇರೆ ಗಾಡಿಗಳ ಡೆಂಟು ಎತ್ತುತ್ತಾ ಬಾಗಿಲ ಕಡೆ ನೋಡುತ್ತಾ ಕಳೆದೆ. ನಿಕಾಹಿನ ದಿನ ಒಂದು ಭಾನುವಾರ. ಅದಕ್ಕೆ ಹತ್ತು ದಿನ ಮೊದಲಿನ ಗುರುವಾರ ಜಿದ್ದಾದಿಂದ ವಿಮಾನ. ಆ ಗುರುವಾರಕ್ಕೆ ಐದು ದಿನ ಉಳಿದಿತ್ತು ಎನ್ನುವಾಗ, ಶನಿವಾರ ಬೆಳಿಗ್ಗೆ, ಮುದೀರ್ ಅದೇ ಹಸಿರು ಕಾರಿನಲ್ಲಿ ಗ್ಯಾರೇಜಿಗೆ ಬಂದರು. ಇಳಿಯುವ ಮೊದಲೇ ಕಿಟಕಿಯಿಂದ ಪಾಸ್‌ಪೋರ್ಟನ್ನು ನನ್ನ ಕೈಗಿಟ್ಟರು.

"ಯಲ್ಲಾ, ಹೋಗಿ ಬಾ. ಎರಡು ತಿಂಗಳು," ಎಂದರು. "ಹುಡುಗರು ದಿನಾ ಬೆಳಿಗ್ಗೆ ಪೈಪು ಹಿಡಿದು ತೊಳೆಯುತ್ತಾರೆ. ನೋಡು, ಹೇಗೆ ಹೊಳೆಯುತ್ತಿದೆ!"

ಪಾಸ್‌ಪೋರ್ಟಿನ ರಟ್ಟು ಕೈಗೆ ಬೆಚ್ಚಗಿತ್ತು. ಕಾರು ಒಳಗಿನ ಇಳಿಜಾರಿಗೆ ಉರುಳಿ ಬ್ರೇಕ್ ಹಾಕಿ ನಿಂತಿತು. ನಿಂತ ಮೇಲೆ ಒಳಗೆ ಏನೋ ಮುಂದಕ್ಕೆ ಹೋಗಿ ಹಿಂದಕ್ಕೆ ಬಂತು. ಅರ್ಧ ತುಂಬಿದ ಕೊಡವನ್ನು ಅಲುಗಾಡಿಸಿದಂಥ ಸದ್ದು. ಮುದೀರರಿಗೆ ಕೇಳಿಸಲಿಲ್ಲ, ಪಠಾಣನಿಗೂ ಕೇಳಿಸಲಿಲ್ಲ. ನನಗೆ ಕೇಳಿಸಿತು.

"ಮುದೀರ್, ಗಾಡಿ ಸಂಜೆಯವರೆಗೆ ಇಲ್ಲೇ ಇರಲಿ. ಹೋಗುವ ಮೊದಲು ಒಮ್ಮೆ ಒರೆಸಿ ಕೊಡ್ತೇನೆ," ಎಂದೆ. ಅವರು ಖುಷಿಯಲ್ಲಿ ಒಪ್ಪಿ ಬೇರೆ ಗಾಡಿ ಹತ್ತಿ ಹೋದರು.

ಮಧ್ಯಾಹ್ನದ ಜುಹರ್ ನಮಾಜಿನ ನಂತರ ನಾಲ್ಕು ಗಂಟೆಯವರೆಗೆ ಗ್ಯಾರೇಜು ಬಂದ್. ಎಲ್ಲರೂ ರೂಮಿನ ಏ.ಸಿ. ಕೆಳಗೆ ಬಿದ್ದಿರುವ ಹೊತ್ತು. ಶಟರ್ ಅರ್ಧ ಎಳೆದು ಕಾರಿನಡಿಗೆ ಹೋದೆ. ಎಡಗಡೆಯ ಮೊದಲ ಬಿರಡೆಯನ್ನು ಸ್ಕ್ರೂಡ್ರೈವರಿನಿಂದ ಮೀಟಿದೆ. ಚಹಾದ ಬಣ್ಣದ ನೀರು ನನ್ನ ಕತ್ತಿನ ಮೇಲೆ ಸುರಿಯಿತು. ಎರಡನೆಯದು, ಮೂರನೆಯದು, ನಾಲ್ಕನೆಯದು. ಕೆಳಗೆ ಹಿಡಿದ ಬಕೆಟ್ಟು ತುಂಬುತ್ತಾ ಬಂತು.

ಆಗ ಎಲ್ಲ ಅರ್ಥವಾಯಿತು. ಮುಂದಿನ ಗಾಜಿನ ಬುಡದ ಜಾಲರಿಯೊಳಗೆ ಇಳಿಯುವ ನೀರು ಮಡ್‌ಗಾರ್ಡಿನ ಹಿಂದಿನಿಂದ ಹರಿದು ರನ್ನಿಂಗ್ ಬೋರ್ಡಿಗೆ ಬಂದು, ಆ ತೂತುಗಳಿಂದ ನೆಲಕ್ಕೆ ಬೀಳಬೇಕು. ತೂತುಗಳಿದ್ದದ್ದು ಅದಕ್ಕೆ. ಮುದೀರರ ಮನೆಯ ಹುಡುಗರು ದಿನಾ ಸವಳು ನೀರು ಪೈಪಿನಲ್ಲಿ ಬಿಟ್ಟಿದ್ದಾರೆ, ನಾನು ದಾರಿ ಮುಚ್ಚಿ ಇಟ್ಟಿದ್ದೇನೆ. ಪೆಟ್ಟಿಗೆಯ ಒಳಮೈಗೆ ನನ್ನ ಗನ್ ಹೋಗಿರಲಿಲ್ಲ. ವೆಲ್ಡಿಂಗಿನ ಕೀಲುಗಳು ಒಳಗಡೆ ಬೋಳಾಗಿಯೇ ಇದ್ದವು. ಕೀಲಿನ ಮೇಲೆ ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ. ಕೋಟಿಂಗ್ ಒಳಕ್ಕೆ ಬಗ್ಗಿತು, ಹಿಂದೆ ತಗಡಿನ ಬಲವಿರಲಿಲ್ಲ. ಇನ್ನೂ ಸ್ವಲ್ಪ ಒತ್ತಿದ್ದರೆ ಹೊರಗೆ ಕಾಣುವ ಹಾಗೆ ಒಡೆಯುತ್ತಿತ್ತು. ಒತ್ತಲಿಲ್ಲ.

ನಾನು ದೊಡ್ಡ ಮನುಷ್ಯ ಎಂದು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಆ ಕ್ಷಣ ನಾನು ಮಾಡಿದ್ದು ಏನೆಂದರೆ, ಬಿರಡೆಗಳನ್ನು ಒರೆಸಿ ವಾಪಸು ಒತ್ತಲು ಕೈಗೆತ್ತಿಕೊಂಡದ್ದು. ಕೋಟಿಂಗ್ ಡಬ್ಬಿಯ ಮುಚ್ಚಳವನ್ನೂ ತೆರೆದೆ. ಹೊರಗಿನಿಂದ ಕಾರು ಹೊಳೆಯುತ್ತಿದೆ. ಕನಿಷ್ಠ ಎಂಟು ತಿಂಗಳು ಹೊಳೆಯುತ್ತದೆ. ಆಮೇಲೆ ಒಡೆದರೆ ಸಮುದ್ರದ ಗಾಳಿ ಎನ್ನಬಹುದು. ಪಾಸ್‌ಪೋರ್ಟು ನನ್ನ ಅಂಗಿಯ ಜೇಬಿನಲ್ಲಿತ್ತು, ಮಲಗಿದ್ದಲ್ಲೇ ಎದೆಗೆ ಒತ್ತುತ್ತಿತ್ತು. ಬ್ರಷ್ ಅದ್ದಿದೆ, ಮೇಲಕ್ಕೆತ್ತಿದೆ. ಕಪ್ಪು ಹನಿ ನನ್ನ ಕನ್ನಡಕದ ಮೇಲೆ ಬಿತ್ತು. ಒರೆಸಿಕೊಂಡು ಮತ್ತೆ ಎತ್ತಿದೆ. ಕೈ ತೂತಿನವರೆಗೆ ಹೋಗಲಿಲ್ಲ.

ಹೋಗದಿದ್ದುದಕ್ಕೆ ಕಾರಣ ಧರ್ಮ, ನೀತಿ ಯಾವುದೂ ಅಲ್ಲ. ಕೆಳಗೆ ಮಲಗಿ ನೋಡಿದವನಿಗೆ ಆ ಕೆಲಸ ಸಹಿಸಲಿಕ್ಕಾಗಲಿಲ್ಲ, ಅಷ್ಟೆ. ಎರಡು ತಿಂಗಳು ಉಪ್ಪಿನ ಒಂದು ಕಣ ಉಳಿಯಬಾರದೆಂದು ಒದ್ದಾಡಿದವನು ನಾನೇ. ಈಗ ಉಪ್ಪುನೀರಿನ ತೊಟ್ಟಿಗೆ ಬಣ್ಣ ಬಳಿದು ಊರಿಗೆ ಹೋಗುವುದಾ? ಹೋಗಿ ಹೊಸ ಬಟ್ಟೆ ಹಾಕಿ ಕೂರುವುದಾ? ನನಗೆ ನನ್ನ ಮೇಲೆಯೇ ಅಸಹ್ಯ ಹುಟ್ಟಿತು. ಡಬ್ಬಿಯ ಮುಚ್ಚಳ ಹಾಕಿದೆ.

ನಾಲ್ಕು ಗಂಟೆಗೆ ಮುದೀರ್ ಬಂದಾಗ ಬಕೆಟ್ಟನ್ನು ಅವರ ಮುಂದಿಟ್ಟೆ. ಬಿರಡೆಗಳನ್ನು ಅಂಗೈಯಲ್ಲಿ ಹಿಡಿದು ತೋರಿಸಿದೆ. ನನ್ನ ಹರುಕು ಅರಬಿಯಲ್ಲಿ ಎಲ್ಲ ಹೇಳಿದೆ: ತಪ್ಪು ನನ್ನದು, ಒಳಗಿನಿಂದ ತಿಂದಿದೆ, ಕತ್ತರಿಸಿ ಪುನಃ ಮಾಡಬೇಕು.

ಅವರು ಬೆರಳಿನಿಂದ ಬಕೆಟ್ಟಿನ ನೀರನ್ನು ಕಲಕಿ ನೋಡಿದರು. "ಎಷ್ಟು ದಿನ?"

"ಹದಿನೈದು. ಬೇರೆ ಡೆಂಟರ್ ಆದರೂ ಮಾಡಬಹುದು ಮುದೀರ್. ಹೇಳಿಕೊಟ್ಟು ಹೋಗ್ತೇನೆ."

"ಬೇರೆಯವರಿಗೆ ಇದರ ಹೊಟ್ಟೆ ಗೊತ್ತಿಲ್ಲ. ಇನ್ನೊಬ್ಬ ನನಗೆ ನೀರು ತೋರಿಸುತ್ತಿರಲಿಲ್ಲ. ನನ್ನ ತಾಯಿ ಕೂರುವ ಗಾಡಿಯನ್ನು ಯಾರ ಕೈಗೆ ಕೊಡಲಿ?" ಎಂದರು. ಆಮೇಲೆ ಕೈ ಚಾಚಿದರು. "ಹಾತ್."

ಕೊಡು ಎಂದರ್ಥ. ಏನನ್ನು ಎಂದು ಕೇಳಬೇಕಾಗಿರಲಿಲ್ಲ. ಜೇಬಿನಿಂದ ತೆಗೆದು ಕೊಟ್ಟೆ. ಅದರ ಮೇಲೆ ನನ್ನ ಬೆರಳಿನ ಕಪ್ಪು ಗುರುತು ಬಿದ್ದಿತ್ತು. ಅವರು ಅದನ್ನು ಒರೆಸಿ ಜುಬ್ಬದ ಜೇಬಿಗೆ ಹಾಕಿಕೊಂಡರು. "ಸ್ವಲ್ಪ ಕೆಲಸ ಎಂದಿದ್ದೆಯಲ್ಲ, ಹದಿನೈದು ದಿನ ಕಾಯುತ್ತದೆ. ಮೊಹರು ಬೇಕಾದರೆ ಹೊಸದು ಹಾಕಿಸುತ್ತೇನೆ," ಎಂದು ನನ್ನ ಭುಜ ತಟ್ಟಿ ಹೋದರು. ಆಗಲಾದರೂ ನಾನು ಬಾಯಿ ಬಿಡಬೇಕಿತ್ತು. ಮದುವೆ ಎಂಬ ಒಂದು ಶಬ್ದ, ಅರಬಿಯಲ್ಲಿ ನನಗೆ ಚೆನ್ನಾಗಿ ಗೊತ್ತಿದ್ದ ಶಬ್ದ, ಹೇಳದೆಯೇ ಉಳಿಯಿತು.

ಸಂಜೆ ಭಟ್ಕಳದ ಸಾಹೇಬರ ಅಂಗಡಿಗೆ ಹೋದೆ. ಕಿರಾಣಿ ಅಂಗಡಿ, ಯಾನ್ಬುವಿನಲ್ಲಿ ನಮ್ಮ ಕಡೆಯವರಿಗೆಲ್ಲ ಅಂಚೆಯೂ ಅದೇ, ಫೋನೂ ಅದೇ. ಅವರ ಮನೆಮಾತು ನವಾಯತಿ, ನನ್ನದು ಬ್ಯಾರಿ. ಹಾಗಾಗಿ ನಮ್ಮಿಬ್ಬರ ನಡುವೆ ಕನ್ನಡ. ನಡೆದದ್ದನ್ನು ಹೇಳಿದೆ. ಅವರು ತಕ್ಕಡಿಯನ್ನು ಅಲ್ಲೇ ಬಿಟ್ಟು ನನ್ನನ್ನು ನೋಡಿದರು.

"ಮದುವೆ ಉಂಟು ಅಂತ ಹೇಳಿದ್ದೀಯಾ ಇಲ್ವಾ?"

"ನಾನೇ ಹೇಗೆ ಹೇಳುದು ಸಾಹೇಬ್ರೇ?"

"ಎಂತ ಮಾರಾಯ ನೀನು! ಕಾರು ಹಾಳು ಮಾಡಿದ್ದನ್ನು ಹೇಳ್ಲಿಕ್ಕೆ ನಾಚಿಕೆ ಇಲ್ಲ, ಮದುವೆ ಹೇಳ್ಲಿಕ್ಕೆ ನಾಚಿಕೆಯಾ? ನಾಳೆ ನಾನೇ ಹೋಗಿ ಹೇಳ್ತೇನೆ. ನಾನು ನಿನ್ನ ಅಣ್ಣನ ಜಾಗದಲ್ಲಿ ಇರುವವ."

ಮರುದಿನ ಅವರು ಹೋದರು. ಮುದೀರ್ ಆ ಬೆಳಿಗ್ಗೆಯೇ ರಿಯಾದಿಗೆ ಹೊರಟು ಹೋಗಿದ್ದರು. ಎರಡು ವಾರ ಕಳೆದು ಬರುತ್ತಾರೆ ಎಂದರಂತೆ ಆಫೀಸಿನವರು. ಕಬ್ಬಿಣದ ಪೆಟ್ಟಿಗೆಯ ಬೀಗದ ಕೈ ಅವರ ಜೊತೆಗೇ ಹೋಗಿತ್ತು. ಸಾಹೇಬರು ಬುಧವಾರ ಇನ್ನೊಮ್ಮೆ ಹೋಗಿ ಬಂದರು. ಬೀಗ ಹಾಗೇ ಇತ್ತು.

ಮುದೀರ್ ಹೊರಟ ದಿನವೇ ಅಣ್ಣನಿಗೆ ಟ್ರಂಕ್ ಕಾಲ್ ಮಾಡಿದ್ದೆ. ಊರಿನ ಮಸೀದಿ ಪಕ್ಕದ ಅಂಗಡಿಗೆ ಫೋನ್ ಹೋಗಿ, ಅಣ್ಣನನ್ನು ಕರೆಸಿ, ಲೈನು ಎರಡು ಸಲ ಕಡಿದು, ಅಂತೂ ಮಾತಾಡಿದೆವು. ಅಣ್ಣ ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತು. "ಅವರ ಮನೆಗೆ ಹೋಗಿ ಹೇಳ್ತೇನೆ. ಮಂಗಳವಾರ ಪುನಃ ಫೋನ್ ಮಾಡು," ಎಂದ.

ಆ ಎರಡು ದಿನ ನಾನು ಎಡಗಡೆಯ ಕೀಲುಗಳನ್ನು ಕತ್ತರಿಸಿ ತೆಗೆದೆ. ಊಟ ಸೇರಲಿಲ್ಲ. ರೂಮು, ಗ್ಯಾರೇಜು, ಕಾರಿನ ಹೊಟ್ಟೆ. ಹೊರಗೆ ಹೋದರೆ ಸಮುದ್ರ, ಈಚೆ ಬಂದರೆ ಮರಳು. ಸಮುದ್ರದ ಎದುರು ನಿಂತು ಇದೇ ನೀರು ನಮ್ಮೂರಿಗೂ ತಾಗುತ್ತದಲ್ಲ ಎಂದು ಯೋಚಿಸಿ, ಅಯ್ಯೋ ಇದು ಕೆಂಪು ಸಮುದ್ರ, ಅದು ಅರಬ್ಬೀ ಸಮುದ್ರ ಎಂದು ನೆನಪಾಗಿ ಒಬ್ಬನೇ ನಕ್ಕೆ. ಓಡಿಹೋಗುವ ಯೋಚನೆಯೂ ಬಂತು. ಪಾಸ್‌ಪೋರ್ಟಿಲ್ಲದೆ ಓಡಿದರೆ ಎಲ್ಲಿಗೆ?

ಮಂಗಳವಾರ ಫೋನಿನಲ್ಲಿ ಅಣ್ಣ ಹೇಳಿದ: "ಅವಳ ತಂದೆ ಕೂಗಾಡಿದರು. ಸಂಬಂಧ ಬೇಡವೇ ಬೇಡ ಅಂದರು. ಆಗ ಹುಡುಗಿ ಒಳಗಿನಿಂದ ಅವಳ ತಾಯಿ ಹತ್ರ ಹೇಳಿ ಕಳಿಸಿದಳು. ದಿನ ಬದಲಾಯಿಸುದು ಬೇಡ, ನಿಕಾಹ್ ಅದೇ ಭಾನುವಾರ ಆಗ್ಲಿ, ಅವರು ಬರುವಾಗ ಬರ್ಲಿ ಅಂತ."

ಫೋನಿನಲ್ಲಿ ಬರೇ ಗರಗರ ಸದ್ದು.

"ಕೇಳ್ತದಾ? ವಕಾಲತ್ ಬರೆದು ಕಳಿಸು. ನಿನ್ನ ಲೆಕ್ಕದಲ್ಲಿ ನಾನು ಕೂತು ಕಬೂಲ್ ಹೇಳ್ತೇನೆ."

ವರ ಹಾಜರಿಲ್ಲದಿದ್ದರೆ ತನ್ನ ಪರವಾಗಿ ಒಬ್ಬನನ್ನು ವಕೀಲನಾಗಿ ನೇಮಿಸಬಹುದು; ಆ ಕಾಗದವೇ ವಕಾಲತ್, ಅವನು ವರನ ಪರ ಹೇಳುವ ಒಪ್ಪಿಗೆಯೇ ಕಬೂಲ್. ಗಲ್ಫಿಗೆ ಬಂದ ಕೆಲವರ ನಿಕಾಹ್ ಹಾಗೆ ಆದದ್ದನ್ನು ಕೇಳಿದ್ದೆ, ತಮಾಷೆ ಮಾಡಿ ನಕ್ಕದ್ದೂ ಉಂಟು. ಸಾಹೇಬರು ತಮ್ಮ ಅಂಗಡಿಯ ಕಾಗದದಲ್ಲೇ ಚಂದವಾಗಿ ಬರೆದುಕೊಟ್ಟರು. ನಾನು ಸಹಿ ಹಾಕಿದೆ. ಸಾಕ್ಷಿಗೆ ಸಾಹೇಬರು ಒಬ್ಬರು, ಪಠಾಣ ಇನ್ನೊಬ್ಬ. ಪಠಾಣ ಸಹಿ ಹಾಕುವ ಮೊದಲು ಥಿನ್ನರಿನಲ್ಲಿ ಕೈ ತೊಳೆದು, ಹೋಗಿ ನಮಾಜಿಗೆ ಮೊದಲು ಮಾಡುವ ಹಾಗೆ ಕೈಕಾಲು ಮುಖ ತೊಳೆದು ವುಜೂ ಮಾಡಿ ಬಂದ. ಕಾಗದ ಟ್ಯಾಕ್ಸಿಯಲ್ಲಿ ಜಿದ್ದಾಕ್ಕೆ ಹೋಯಿತು. ಅಲ್ಲಿನ ಶರಫಿಯಾ ಪೇಟೆಯ ಒಬ್ಬ ಟೈಲರ್ ಗುರುವಾರದ ವಿಮಾನದಲ್ಲಿ ಊರಿಗೆ ಹೊರಟಿದ್ದ. ನಾನು ಹೋಗಬೇಕಾಗಿದ್ದ ಅದೇ ವಿಮಾನದಲ್ಲಿ ನನ್ನ ಸಹಿ ಹೋಯಿತು.

ನಾನು ಕೆಲಸಕ್ಕೆ ಬಿದ್ದೆ. ಸಿಟ್ಟಿನಲ್ಲಿ ಕೆಲಸ ಬೇಗ ಸಾಗುತ್ತದೆ. ಒಳಗನ್ನು ಸಿಹಿನೀರಿನಿಂದ ಆರು ಸಲ ತೊಳೆದು, ಎರಡು ದಿನ ಬಿಸಿಗಾಳಿ ಬಿಟ್ಟೆ. ಕೀಲು ಕೂಡಿಸಿದೆ. ಒಳಮೈಗೆ ಎಣ್ಣೆ ತಲುಪಿಸುವುದು ಹೇಗೆಂದು ಯೋಚಿಸಿ, ಒಂದು ಹಳೆಯ ಬ್ರೇಕ್ ಪೈಪಿನ ತುದಿ ಮುಚ್ಚಿ, ಬದಿಗಳಲ್ಲಿ ಸೂಜಿಯಷ್ಟು ಸಣ್ಣ ತೂತುಗಳನ್ನು ಕೊರೆದು ಗನ್ನಿಗೆ ಸಿಕ್ಕಿಸಿದೆ. ಮೇಣವನ್ನೂ ಗೇರ್ ಎಣ್ಣೆಯನ್ನೂ ಕರಗಿಸಿ ಸ್ವಲ್ಪ ಥಿನ್ನರ್ ಬೆರೆಸಿದರೆ ಅದು ಮಂಜಿನ ಹಾಗೆ ಒಳಗೆಲ್ಲ ಹರಡಿ, ಕೀಲುಗಳ ಸಂದಿಗೆ ತೆವಳಿ ಹೋಗಿ ಅಂಟುತ್ತದೆ. ತಳದ ತೂತಿನಿಂದಲೇ ಪೈಪು ತೂರಿಸಿ ಹೊಡೆಯಬೇಕು. ಎಂಟು ತೂತುಗಳನ್ನೂ ತೆರೆದೇ ಬಿಟ್ಟೆ, ಅಂಚುಗಳನ್ನು ಉಜ್ಜಿ ನುಣುಪು ಮಾಡಿದೆ.

ಆ ಭಾನುವಾರ ಬಂತು. ಊರಿನಲ್ಲಿ ಹನ್ನೊಂದು ಗಂಟೆಗೆ ನಿಕಾಹ್. ನಮಗೆ ಆಗ ಬೆಳಿಗ್ಗೆ ಎಂಟೂವರೆ. ಬಲಗಡೆ ಮುಗಿಸಿ ಎಡಗಡೆಯ ಎರಡನೇ ತೂತಿಗೆ ಪೈಪು ಹಾಕಿದ್ದೆ. ಗೋಡೆಯ ಗಡಿಯಾರದಲ್ಲಿ ಎಂಟು ಇಪ್ಪತ್ತೈದಾದಾಗ ಪಠಾಣ ಯಾರಿಗೂ ಹೇಳದೆ ಹೋಗಿ ಕಂಪ್ರೆಸರ್ ಆಫ್ ಮಾಡಿದ. ಗ್ಯಾರೇಜಿನಲ್ಲಿ ಒಮ್ಮೆಲೇ ನಿಶ್ಶಬ್ದ. ನಾನು ಕಾರಿನ ಕೆಳಗಿನ ರಟ್ಟಿನ ಮೇಲೆ ಹಾಗೇ ಮಲಗಿದ್ದೆ. ಅಣ್ಣ ಬಿಳಿ ಟೋಪಿ ಹಾಕಿ ನನ್ನ ಜಾಗದಲ್ಲಿ ಕೂತಿರಬಹುದು. ಖಾಝಿಯವರು ಅವನ ಕೈ ಹಿಡಿದಿರಬಹುದು. ಅವಳು ಒಳಗೆ ಯಾವ ಬಣ್ಣದ ಸೀರೆ ಉಟ್ಟಿರಬಹುದು? ನನಗೆ ಅದನ್ನೂ ಯಾರೂ ಹೇಳಿರಲಿಲ್ಲ.

ಹೊರಗೆ ಗಾಡಿ ನಿಂತಿತು. ಮುದೀರರ ಚಪ್ಪಲಿಗಳು ಒಳಗೆ ಬಂದವು.

"ಕಂಪ್ರೆಸರ್ ಯಾಕೆ ನಿಂತಿದೆ? ಕರೆಂಟ್ ಇಲ್ಲವಾ?"

ಪಠಾಣ ತನ್ನ ಅರೆಬರೆ ಅರಬಿಯಲ್ಲಿ ಹೇಳಿದ. "ಕರೆಂಟ್ ಇದೆ ಮುದೀರ್. ಇವನ ಮದುವೆ ಆಗ್ತಾ ಇದೆ. ಈಗ. ಊರಲ್ಲಿ."

ಚಪ್ಪಲಿಗಳು ಅಲುಗಲಿಲ್ಲ. ನಾನು ಹೊರಗೆ ಜಾರಿ ಎದ್ದು ಕೂತೆ. ಮುದೀರ್ ನನ್ನನ್ನೂ ಪಠಾಣನನ್ನೂ ನೋಡಿದರು. ಪಠಾಣ ವಕಾಲತ್ತಿನ ಸಂಗತಿಯನ್ನೆಲ್ಲ ಕೈಸನ್ನೆಯಲ್ಲೂ ಮಾತಿನಲ್ಲೂ ಬಿಡಿಸಿ ಹೇಳಿದ.

"ನನಗೆ ಯಾಕೆ ಹೇಳಲಿಲ್ಲ?" ಎಂದರು ಅವರು. ಮೆಲುದನಿ ಒಡೆದಿತ್ತು.

"ನಮ್ಮಲ್ಲಿ ಅದನ್ನು ನಾವೇ ಹೇಳುವುದಿಲ್ಲ ಮುದೀರ್."

ಅವರು ತಿರುಗಿ ಹೊರಟರು. ಹೊರಟದ್ದಲ್ಲ, ಓಡಿದರು. ಉದ್ದ ಜುಬ್ಬವನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಓಡುವ ಮುದೀರರನ್ನು ನಾನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಇಪ್ಪತ್ತು ನಿಮಿಷದಲ್ಲಿ ವಾಪಸು ಬಂದರು. ಪಾಸ್‌ಪೋರ್ಟನ್ನು ನನ್ನ ಕೈಗಿಟ್ಟು, ಮೇಲಿನಿಂದ ತಮ್ಮ ಎರಡೂ ಕೈಗಳಿಂದ ಒತ್ತಿ ಹಿಡಿದರು. "ಹೋಗು. ಇವತ್ತೇ ಹೋಗು. ನಾನೇ ಜಿದ್ದಾಕ್ಕೆ ಬಿಡುತ್ತೇನೆ."

ನಾನು ಗಡಿಯಾರ ನೋಡಿದೆ. ಒಂಬತ್ತಕ್ಕೆ ಐದು ನಿಮಿಷವಿತ್ತು. ಊರಲ್ಲಿ ಈಗ ಬಿರಿಯಾನಿ ಬಡಿಸುತ್ತಿರಬೇಕು.

"ಆಗಿಹೋಯಿತು ಮುದೀರ್," ಎಂದೆ. "ಎಡಗಡೆ ಇನ್ನೂ ಎರಡು ತೂತು ಬಾಕಿ ಇದೆ. ಮೇಣ ಗಟ್ಟಿಯಾದರೆ ಮತ್ತೆ ಕಾಯಿಸಬೇಕು."

ಪಾಸ್‌ಪೋರ್ಟನ್ನು ಬಾನೆಟ್ಟಿನ ಮೇಲಿಟ್ಟು ಪುನಃ ಕೆಳಗೆ ಹೋದೆ. ಪಠಾಣ ಕಂಪ್ರೆಸರ್ ಶುರು ಮಾಡಿದ. ಬಿಳಿ ಜುಬ್ಬದ ಮಂಡಿಗಳು ಎಣ್ಣೆ ಬಿದ್ದ ನೆಲಕ್ಕೆ ಊರಿದ್ದು ಕಂಡಿತು. ಮುದೀರ್ ಬಗ್ಗಿ, ತಂತಿಯಲ್ಲಿ ತೂಗುತ್ತಿದ್ದ ಬಲ್ಬನ್ನು ಕೈಯಲ್ಲಿ ಹಿಡಿದು ನನಗೆ ಬೆಳಕು ಮಾಡಿದರು. ನನ್ನ ಕಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ಅವರು ಅದನ್ನು ಕಂಡಿರಬೇಕು. ಬಲ್ಬನ್ನು ಮೆಲ್ಲಗೆ ಆಚೆ ಬದಿಗೆ ತಿರುಗಿಸಿದರು. ಉಳಿದ ಎರಡು ತೂತಿಗೆ ನಾನು ಕತ್ತಲಲ್ಲೇ, ಕೈಯಿಂದ ತಡಕಿ ನೋಡಿ, ಎಣ್ಣೆ ಹೊಡೆದೆ.